ಗೀಟು ಅಂದ್ರೆ ನಡಿ, ಬೊಟ್ಟು ಅಂದ್ರೆ ನಿಲ್ಲು

ನಾನು ಒಂದು ಟೈಲ್ಸು. ಒಂದೇ ಇದ್ದರೂ ಮೇಸ್ತ್ರಿಗಳ ಬಾಯಲ್ಲಿ ನಾನು ಟೈಲ್ಸೇ, ಹತ್ತಿದ್ದರೂ ಟೈಲ್ಸೇ. ಅದರ ಬಗ್ಗೆ ನನ್ನ ತಕರಾರಿಲ್ಲ. ಬಚ್ಚಲುಮನೆಯ ಗೋಡೆಯಲ್ಲಿ ಹೂವು ಬರೆಸಿಕೊಂಡು ಕೂತ ನುಣುಪು ಮೈಯ ಟೈಲ್ಸು ಎಂದು ಮಾತ್ರ ತಿಳಿಯಬೇಡಿ. ನನ್ನದು ಅರಿಶಿನದ ಬಣ್ಣ. ಒಂದಡಿ ಉದ್ದ, ಒಂದಡಿ ಅಗಲ. ಮೈಮೇಲೆ ಐದರಂತೆ ಐದು ಸಾಲು, ಒಟ್ಟು ಇಪ್ಪತ್ತೈದು ಬೊಟ್ಟು. ಬೆಂಗಳೂರಿನ ಮೆಟ್ರೋ ಹತ್ತಿದ ನೀವೆಲ್ಲ ನನ್ನನ್ನೋ ನನ್ನ ಬಂಧುಗಳನ್ನೋ ತುಳಿದಿದ್ದೀರಿ. ನೋಡಿದವರು ಕಡಿಮೆ.

ಹುಟ್ಟಿದ್ದು ಊರಾಚೆಯ ಒಂದು ಕಾರ್ಖಾನೆಯಲ್ಲಿ. ಸಿಮೆಂಟು, ಕಲ್ಲಿನ ಪುಡಿ, ಹಳದಿ ಬಣ್ಣ ಕಲಸಿ ಅಚ್ಚಿಗೆ ಸುರಿದು ಮೇಲಿನಿಂದ ಒತ್ತಿದರು. ಆಮೇಲೆ ಏಳು ದಿನ ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ನಮಗೆ ಅದೇ ಬಾಣಂತನ. ಪಕ್ಕದ ಅಚ್ಚಿನಲ್ಲಿ ಹುಟ್ಟಿದವರಿಗೆ ಬೊಟ್ಟಿರಲಿಲ್ಲ, ಮೈಯುದ್ದಕ್ಕೂ ನಾಲ್ಕು ಗೀಟುಗಳಿದ್ದವು. ಅವರಿಗೆ ಯಾಕೆ ಗೀಟು, ನಮಗೆ ಯಾಕೆ ಬೊಟ್ಟು ಎಂದು ಯಾರೂ ಹೇಳಲಿಲ್ಲ. ಲಾರಿಯಲ್ಲಿ ಒಟ್ಟಿಗೆ ತುಂಬಿ ಕಳಿಸಿದರು.

ಲಾರಿ ನಿಂತದ್ದು ಕೆರೆಬಾಗಿಲು ಎಂಬಲ್ಲಿ. ಅಲ್ಲಿ ನೆಲದಡಿ ಎಪ್ಪತ್ತು ಅಡಿ ಆಳದಲ್ಲಿ ಸ್ಟೇಷನ್ನು ಕಟ್ಟುತ್ತಿದ್ದರು. ನನ್ನನ್ನು ಮೊದಲು ಕೈಗೆತ್ತಿಕೊಂಡವನು ಗಿಡ್ಡಯ್ಯ ಮೇಸ್ತ್ರಿ. ಪಾವಗಡದ ಕಡೆಯವನು, ಹೆಸರಿಗೆ ಗಿಡ್ಡಯ್ಯ, ಆಳು ಆರಡಿ. ಅವನು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದ.

"ಏನ್ ಮೇಡಮ್ಮೋರೆ ಇದು, ಮೈಮ್ಯಾಲೆ ಅಮ್ಮ ಎದ್ದಂಗೈತೆ! ಇದನ್ನ ಹಾಕಿದ್ರೆ ಜನ ಎಡವಿ ಬೀಳಾಕಿಲ್ವಾ?"

ಅಲ್ಲಿದ್ದ ಇಂಜಿನಿಯರ್ ಫರ್ಹಾನಾ ಮೇಡಂ ನಮ್ಮನ್ನು ನೆಲದ ಮೇಲೆ ಹಾಗೇ ಸಾಲಾಗಿ ಜೋಡಿಸಿದರು, ಉದ್ದಕ್ಕೂ ಗೀಟು, ಕೊನೆಗೆ ಬೊಟ್ಟು. ಅವನ ಹೆಗಲ ಮೇಲಿನ ಟವೆಲನ್ನೇ ತೆಗೆದು ಅವನ ಕಣ್ಣಿಗೆ ಕಟ್ಟಿದರು. "ಚಪ್ಪಲಿ ಬಿಡಿ. ಕಾಲಿಗೆ ಗೀಟು ಸಿಗ್ತಾ ಇರೋವರೆಗೂ ನಡೀರಿ" ಎಂದರು. ಆರಡಿ ಆಳು ಎಳೆಮಗುವಿನ ಹಾಗೆ ಕೈ ಚಾಚಿಕೊಂಡು ನಡೆದ. ಇಪ್ಪತ್ತು ಹೆಜ್ಜೆ ಆದ ಮೇಲೆ ಬೊಟ್ಟಿನ ಮೇಲೆ ಕಾಲು ಬಿತ್ತು. ನಿಂತ.

"ಯಾಕೆ ನಿಂತ್ರಿ ಮೇಸ್ತ್ರಿ?"

"ಕಾಲಿಗೆ ಬ್ಯಾರೆ ಥರ ಸಿಕ್ತು, ಅದಕ್ಕೇಯ."

ಟವೆಲ್ ಬಿಚ್ಚಿದ. ಮುಂದೆ ಎರಡು ಹೆಜ್ಜೆಗೆ ಪ್ಲಾಟ್‌ಫಾರ್ಮು ಮುಗಿದಿತ್ತು, ಕೆಳಗೆ ಹಳಿಯ ಹಳ್ಳ. "ಯವ್ವಾ!" ಎಂದು ಅಲ್ಲೇ ಕುಕ್ಕರಿಸಿದ. ಕೂತಲ್ಲಿಂದಲೇ ಪಾಠ ಒಪ್ಪಿಸಿದ: "ಗೀಟು ಅಂದ್ರೆ ನಡಿ, ಬೊಟ್ಟು ಅಂದ್ರೆ ನಿಲ್ಲು. ಇಷ್ಟೇ ತಾನೇ?"

ಇಷ್ಟೇ. ನನಗೆ ಬರುವ ಮಾತು ಅದೊಂದೇ, ನಿಲ್ಲು. ಅಂದು ಗಿಡ್ಡಯ್ಯ ರಬ್ಬರ್ ಸುತ್ತಿಗೆಯಿಂದ ನನ್ನನ್ನು ತಟ್ಟಿ, ಮಟ್ಟ ನೋಡಿ, ಮೇಲೆ ಬಿದ್ದ ಸಿಮೆಂಟನ್ನು ತನ್ನ ಅಂಗೈಯಿಂದಲೇ ತೊಳೆದ. ಲಿಫ್ಟಿನಿಂದ ಹೊರಟ ಗೀಟುಗಳ ಹಾದಿ ನೇರ ಬಂದು ಮುಗಿಯುವುದು ನನ್ನಲ್ಲಿ. ನನ್ನ ಎಡಕ್ಕೂ ಬಲಕ್ಕೂ ಪ್ಲಾಟ್‌ಫಾರ್ಮಿನ ಉದ್ದಕ್ಕೆ ಬೊಟ್ಟಿನ ಬಂಧುಗಳ ಸಾಲು. ನಮ್ಮಾಚೆ ಎರಡೇ ಹೆಜ್ಜೆಗೆ ಅಂಚು.

ರೈಲು ಶುರುವಾಯಿತು. ಜನ ಬಂದರು. ಅಲ್ಲ ಸ್ವಾಮಿ, ಅದೆಂಥ ಜನ! ಕೆಳಗೆ ಬಿದ್ದುಕೊಂಡಿರುವ ನನಗೆ ಮುಖಗಳು ದೂರ, ಕಾಲುಗಳು ಹತ್ತಿರ. ಬೆಳಗಿನ ಬೂಟು ಪಾಲಿಶ್ ಹೊಡೆದುಕೊಂಡು ಬರುತ್ತದೆ, ಸಂಜೆ ಅದೇ ಬೂಟು ಹಿಮ್ಮಡಿ ಎಳೆದುಕೊಂಡು ಇಳಿಯುತ್ತದೆ. ಸೋಮವಾರದ ಕಾಲು ಶುಕ್ರವಾರದ ಕಾಲಿಗಿಂತ ಭಾರ, ಇದನ್ನು ನನ್ನ ಮೈಮೇಲೆ ಆಣೆ ಇಟ್ಟು ಹೇಳುತ್ತೇನೆ. ಎತ್ತರದ ಹೀಲ್ಸ್ ಹಾಕಿಕೊಂಡು ಬರುವ ಒಬ್ಬ ಹುಡುಗಿ ದಿನಾ ಸಂಜೆ ರೈಲಿಳಿದ ಕೂಡಲೇ ನನ್ನ ಮೇಲೇ ನಿಂತು ಬ್ಯಾಗಿನಿಂದ ರಬ್ಬರ್ ಚಪ್ಪಲಿ ತೆಗೆದು ಬದಲಾಯಿಸುತ್ತಿದ್ದಳು. ಆಗ ಅವಳ ಬಾಯಿಂದ ಬರುತ್ತಿದ್ದ "ಅಪ್ಪಾ..." ಎಂಬ ನಿಟ್ಟುಸಿರು ಕೇಳಿ ನನಗೂ ಹಾಯೆನಿಸುತ್ತಿತ್ತು.

ರೈಲಿಗಿಂತ ಮೊದಲು ಅದರ ಗಾಳಿ ಬರುತ್ತದೆ. ಗಾಳಿ ಬಂದದ್ದೇ ತಡ, ಎಸ್ಕಲೇಟರಿನಲ್ಲಿದ್ದವರು ಬಿದ್ದಂಬೀಳ ಓಡಿ ಬರುತ್ತಾರೆ. ಇನ್ನೊಂದು ರೈಲು ಐದು ನಿಮಿಷಕ್ಕೆ ಎಂದು ಬೋರ್ಡು ಹೇಳುತ್ತಿರುತ್ತದೆ, ಯಾರಿಗೆ ಬೇಕು? ಬಾಗಿಲು ಮುಚ್ಚಿಹೋದರೆ ಒಂದು ಕ್ಷಣ ಗಾಜನ್ನೇ ನೋಡಿ, ತಮ್ಮಷ್ಟಕ್ಕೆ ನಕ್ಕು, ಯಾರೂ ನೋಡಲಿಲ್ಲವಷ್ಟೇ ಎಂದು ಫೋನು ತೆಗೆಯುತ್ತಾರೆ. ನಾನು ನೋಡಿರುತ್ತೇನೆ. ಬಾಗಿಲು ತೆರೆದಾಗಲಂತೂ ಇಳಿಯುವವರಿಗೂ ಹತ್ತುವವರಿಗೂ ದಿನಾ ಕುಸ್ತಿ. "ಇಳಿಯೋರಿಗೆ ದಾರಿ ಬಿಡ್ರೀ!" ಎಂದು ಸೆಕ್ಯೂರಿಟಿ ಪುಟ್ಟತಾಯಮ್ಮ ಸೀಟಿ ಊದಿ ಊದಿ ಅವಳ ಕೆನ್ನೆಯೇ ಉಬ್ಬಿಹೋಗಿತ್ತು.

ನನ್ನನ್ನು ಯಾರೂ ಸರಿಯಾಗಿ ತಿಳಿದುಕೊಳ್ಳಲಿಲ್ಲ. ಸೂಟ್‌ಕೇಸಿನವರು ಚಕ್ರ ಕಟಕಟ ಎನ್ನುತ್ತದೆಂದು ಬೈದರು. ಮಕ್ಕಳು ಕುಂಟೆಬಿಲ್ಲೆ ಆಡಿದರು. ಮೊದಲ ಸಲ ಮೆಟ್ರೋ ಹತ್ತಿದ ಒಂದು ಅಜ್ಜಿ ನನ್ನ ಬಣ್ಣ ನೋಡಿ ಏನೆಂದುಕೊಂಡಿತೋ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಅದು ಖುಷಿಯಾಯಿತು, ಇಲ್ಲ ಎನ್ನುವುದಿಲ್ಲ.

ಇವರೆಲ್ಲರನ್ನೂ ಮೀರಿಸಿದವರು ಗೋಪಿನಾಥ ರಾಯರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು, ಸಕ್ಕರೆ ಕಾಯಿಲೆ. ಅವರ ಮನೆ ಹತ್ತಿರದ ಪಾರ್ಕಿನಲ್ಲಿ ಬರಿಗಾಲಲ್ಲಿ ನಡೆಯಲೆಂದು ಗುಂಡುಕಲ್ಲು ನೆಟ್ಟ ಅಕ್ಯುಪ್ರೆಶರ್ ಹಾದಿಯಿತ್ತಂತೆ, ಅದು ಕಿತ್ತುಹೋಗಿತ್ತಂತೆ. ಒಂದು ಬೆಳಿಗ್ಗೆ ರಾಯರು ಪ್ಲಾಟ್‌ಫಾರ್ಮಿಗೆ ಬಂದವರು ನಮ್ಮ ಸಾಲನ್ನು ನೋಡಿ ನಿಂತರು. ಚಪ್ಪಲಿ ಬಿಟ್ಟರು. ಒಂದು ಬೊಟ್ಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ನೋಡಿದರು. ಅವರ ಮುಖ ಅರಳಿತು.

ಮರುದಿನದಿಂದ ದಿನಾ ಎಂಟೂವರೆಗೆ ಹಾಜರು. ಬರಿಗಾಲಲ್ಲಿ ನಮ್ಮ ಮೇಲೆ ಆ ತುದಿಯಿಂದ ಈ ತುದಿಗೆ ನಡಿಗೆ. ಕೇಳಿದವರಿಗೆಲ್ಲ ಪ್ರವಚನ: "ಸೀನಿಯರ್ ಸಿಟಿಜನ್ಸ್‌ಗೇಂತ ಮಾಡ್ಸಿರೋದು ಕಣ್ರೀ ಇದು! ಪ್ರಚಾರ ಕೊಟ್ಟಿಲ್ಲ ಅಷ್ಟೆ. ಸಕ್ಕರೆಗೆ ರಾಮಬಾಣ, ಮಂಡಿಗೂ ಒಳ್ಳೇದು. ಮೇಲ್ಗಡೆ ಬಿಸಿಲಿದೆ, ಧೂಳಿದೆ. ಇಲ್ನೋಡಿ, ತಂಪು!" ಒಂದು ತಿಂಗಳಲ್ಲಿ ಐದಾರು ಜನ ಹಿರಿಯರು ಕೂಡಿದರು. ಎಲ್ಲರೂ ಕಾರ್ಡ್ ತೋರಿಸಿ ಒಳಗೆ ಬರುವುದು, ಅರ್ಧ ಗಂಟೆ ನಮ್ಮನ್ನು ತುಳಿಯುವುದು, ಆಮೇಲೆ ರೈಲು ಹತ್ತಿ ತರಕಾರಿ ಮಾರ್ಕೆಟ್ಟಿಗೆ ಹೋಗುವುದು. ಚಪ್ಪಲಿಗಳನ್ನು ಮಾತ್ರ ದೇವಸ್ಥಾನದ ಬಾಗಿಲಲ್ಲಿ ಬಿಟ್ಟ ಹಾಗೆ ಗೀಟುಗಳ ಹಾದಿಯ ಪಕ್ಕ ಸಾಲಾಗಿ ಬಿಡುತ್ತಿದ್ದರು. ಪುಟ್ಟತಾಯಮ್ಮನಿಗೂ ನಾವು ಯಾತಕ್ಕೆ ಇದ್ದೇವೆಂದು ಗೊತ್ತಿರಲಿಲ್ಲ. ದೊಡ್ಡ ಮನುಷ್ಯರು ಹೇಳುತ್ತಿದ್ದಾರಲ್ಲ, ಇದ್ದರೂ ಇರಬಹುದು ಎಂದುಕೊಂಡಿದ್ದಳು.

ಹೀಗಿರುವಾಗ ಮಂದಾಕಿನಿ ಬಂದಳು.

ಇಪ್ಪತ್ತಾರು ವರ್ಷ, ಹುಟ್ಟಿನಿಂದ ಕಣ್ಣಿಲ್ಲ. ಒಂದು ಆಸ್ಪತ್ರೆಯಲ್ಲಿ ಫೋನೆತ್ತಿ ರೋಗಿಗಳಿಗೆ ಡಾಕ್ಟರ ಸಮಯ ಕೊಡುವ ಕೆಲಸ ಸಿಕ್ಕಿತ್ತು. ಜೊತೆಗೆ ಅವಳ ತಾಯಿ ಜಯಶೀಲಮ್ಮ. ಹವಾಯಿ ಚಪ್ಪಲಿ, ಎಡಗಾಲಿನ ಬಾರು ಕಿತ್ತು ಅದಕ್ಕೊಂದು ಸೇಫ್ಟಿ ಪಿನ್ನು. ನಡೆದರೆ ಚಟ್, ಪಟ್, ಚಟ್, ಪಟ್. ಮಗಳ ಮಣಿಕಟ್ಟನ್ನು ಆಕೆ ಹಿಡಿದದ್ದು ಹೇಗೆಂದರೆ ಬಿಟ್ಟ ಮೇಲೂ ಬೆರಳಿನ ಗುರುತು ಇರಬೇಕು. "ಆ ಉಬ್ಬುತಗ್ಗಿನ ಮೇಲೆ ಕಾಲಿಡ್ಬೇಡ ಮಂದಾ, ಎಡವ್ತೀಯ" ಎಂದು ಮಗಳನ್ನು ನಮ್ಮಿಂದ ಆಚೆಗೆ ಎಳೆದು ನಡೆಸುತ್ತಿದ್ದಳು. ನನಗೆ ಹೊಟ್ಟೆ ಉರಿಯಿತು. ನಾನು ಇರುವುದೇ ಅವಳಿಗಾಗಿ, ಅವಳೊಬ್ಬಳೇ ನನ್ನನ್ನು ತುಳಿಯುತ್ತಿಲ್ಲ!

ಮಂದಾಕಿನಿಗೆ ನಾವು ಗೊತ್ತಿದ್ದೆವು. ಅಂಧರ ಶಾಲೆಯಲ್ಲಿ ಹೇಳಿಕೊಟ್ಟಿದ್ದರಂತೆ. ಅದಕ್ಕೆಂದೇ ತೆಳ್ಳನೆಯ ಅಟ್ಟೆಯ ಬಟ್ಟೆ ಬೂಟು ಹಾಕುತ್ತಿದ್ದಳು. ಎರಡು ವಾರ ಆದ ಮೇಲೆ ಒಂದು ಬೆಳಿಗ್ಗೆ ನನ್ನ ಪಕ್ಕದಲ್ಲೇ ನಿಂತು ತಾಯಿಗೂ ಮಗಳಿಗೂ ಜಗಳವಾಯಿತು. ನಾಳೆಯಿಂದ ಒಬ್ಬಳೇ ಬರುತ್ತೇನೆ ಎಂದಳು ಮಗಳು. ತಾಯಿ ಅತ್ತು, ಬೈದು, ಕೊನೆಗೆ ಒಂದು ಷರತ್ತಿಗೆ ಬಂದಳು.

"ಒಂದ್ ತಿಂಗಳು. ಅಷ್ಟರಲ್ಲಿ ಒಂದೇ ಒಂದ್ ಸಲ ಏನಾದ್ರೂ ಹೆಚ್ಚುಕಮ್ಮಿ ಆಯ್ತೂಂದ್ರೆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಮನೇಲಿರ್ಬೇಕು. ನನ್ನಾಣೆ."

"ಆಯ್ತು. ಏನೂ ಆಗ್ಲಿಲ್ಲ ಅಂದ್ರೆ ನೀನು ಜನ್ಮದಲ್ಲಿ ಮತ್ತೆ ನನ್ನ ಹಿಂದೆ ಬರ್ಬಾರ್ದು. ಅದೂ ನಿನ್ನಾಣೆ."

ಮಾರನೇ ದಿನ ಅವಳು ಲಿಫ್ಟಿನಿಂದ ಒಬ್ಬಳೇ ಇಳಿದಳು. ಬಿಳಿ ಕೋಲು ಎಡಕ್ಕೆ ಬಲಕ್ಕೆ ಆಡಿಸುತ್ತಾ, ಗೀಟಿನ ಮೇಲೆ ಒಂದೊಂದೇ ಹೆಜ್ಜೆ. ನನ್ನ ಮೇಲೆ ಕಾಲಿಟ್ಟಳು. ನಿಂತಳು. ಬೂಟಿನ ತುದಿಯಿಂದ ನನ್ನ ಬೊಟ್ಟುಗಳನ್ನು ಒಮ್ಮೆ ಸವರಿದಳು. ಅಷ್ಟು ದಿನ ಸಾವಿರಾರು ಜನ ತುಳಿದಿದ್ದರೂ, ನಾನು ಹೇಳಿದ್ದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಬೊಟ್ಟು ಬೊಟ್ಟಿಗೂ ಖುಷಿಯಾಯಿತು.

ಆದರೆ ಹೆತ್ತ ಕರುಳು ಕೇಳಬೇಕಲ್ಲ? ಲಿಫ್ಟು ನಿಧಾನ, ಎಸ್ಕಲೇಟರು ಬೇಗ. ಜಯಶೀಲಮ್ಮ ಎಸ್ಕಲೇಟರಿನಲ್ಲಿ ಮೊದಲೇ ಇಳಿದು ಬಂದು ಕಂಬದ ಹಿಂದೆ ಅಡಗಿ ನಿಲ್ಲುತ್ತಿದ್ದಳು. ಮಗಳು ರೈಲು ಹತ್ತಿ ಬಾಗಿಲು ಮುಚ್ಚಿದ ಮೇಲೆ ವಾಪಸು. ಚಪ್ಪಲಿಯ ಚಟಪಟ ಮಗಳಿಗೆ ಕೇಳಿಸೀತೆಂದು ಅದನ್ನು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಳ್ಳುತ್ತಿದ್ದಳು. "ಇವಳು ಹನ್ನೊಂದು ವರ್ಷದವಳಿದ್ದಾಗ ನಾನು ಸೊಪ್ಪು ಆರಿಸ್ತಿದ್ದೆ ಕಣಮ್ಮ, ಎರಡೇ ಹೆಜ್ಜೆ ಆಚೆ ಮೋರಿಗೆ ಬಿದ್ಲು" ಎಂದು ಒಂದು ದಿನ ಪುಟ್ಟತಾಯಮ್ಮನ ಹತ್ತಿರ ಪಿಸುಗುಟ್ಟಿದಳು. "ಅವತ್ತಿಂದ ಕೈ ಬಿಟ್ಟಿಲ್ಲ. ಈಗ ಬಿಡೂಂದ್ರೆ ಹೆಂಗೆ ಬಿಡ್ಲಿ?"

ಇಪ್ಪತ್ತೆರಡು ದಿನ ಏನೂ ಆಗಲಿಲ್ಲ. ಇಪ್ಪತ್ಮೂರನೇ ದಿನ ಬರಿಗಾಲಲ್ಲಿ ನಿಂತ ಜಯಶೀಲಮ್ಮನನ್ನು ರಾಯರು ಕಂಡರು. ಇನ್ನೊಬ್ಬ ಭಕ್ತೆ ಸಿಕ್ಕಳೆಂದು ಅವರಿಗೆ ಸಂಭ್ರಮ.

"ಬನ್ನಿ ತಾಯಿ, ಸಂಕೋಚ ಬೇಡ! ಮಂಡಿನೋವಾ? ಎರಡು ವಾರದಲ್ಲಿ ಹೋಗುತ್ತೆ. ಚಪ್ಪಲಿ ಯಾಕೆ ಚೀಲದಲ್ಲಿ? ಅಲ್ಲಿಡಿ, ಯಾರೂ ಮುಟ್ಟಲ್ಲ."

ಅಷ್ಟರಲ್ಲಿ ಲಿಫ್ಟಿನ ಗಂಟೆ ಹೊಡೆಯಿತು. ಮಗಳು ಬಂದಳೆಂದು ಗಾಬರಿಬಿದ್ದ ಜಯಶೀಲಮ್ಮ, ಈ ಮನುಷ್ಯ ಬಾಯಿ ಮುಚ್ಚಿದರೆ ಸಾಕೆಂದು, ಚೀಲದಿಂದ ಚಪ್ಪಲಿ ತೆಗೆದು ಉಳಿದವರ ಚಪ್ಪಲಿ ಸಾಲಿನ ಕೊನೆಗೆ ಎಸೆದಳು. ಪಿನ್ನಿನ ಚಪ್ಪಲಿ ಜಾರಿ ಬಂದು ಗೀಟಿನ ಹಾದಿಯ ನಟ್ಟನಡುವೆ, ನನಗಿಂತ ಮೂರು ಹೆಜ್ಜೆ ಮೊದಲು ಬಿತ್ತು.

ಮಂದಾಕಿನಿ ಬಂದಳು. ಸುರಂಗದಿಂದ ರೈಲಿನ ಗಾಳಿ ಬೀಸತೊಡಗಿತ್ತು. ಕೋಲಿನ ತುದಿ ಚಪ್ಪಲಿಯ ಬಾರಿನೊಳಗೆ ಹೊಕ್ಕು ಸಿಕ್ಕಿಕೊಂಡಿತು. ಅವಳು ಕೋಲನ್ನು ಜಗ್ಗಿದಳು. ಅದೇ ಹೊತ್ತಿಗೆ ರೈಲಿಗೆಂದು ಓಡಿ ಬಂದವನೊಬ್ಬ ಅವಳ ಭುಜಕ್ಕೆ ತಾಗಿಕೊಂಡು ಹೋದ. ಅವಳ ಸಮತೋಲ ತಪ್ಪಿತು. ಬೀಳದಿರಲು ಮುಂದಕ್ಕೆ ಒಂದು, ಎರಡು, ಮೂರು ದೊಡ್ಡ ಹೆಜ್ಜೆ ಹಾಕಿದಳು.

ಜಯಶೀಲಮ್ಮ ಕಂಬದ ಹಿಂದಿನಿಂದ ನುಗ್ಗಿದಳು. ಕೈ ಮುಂದಕ್ಕೆ ಚಾಚಿತ್ತು. ನನ್ನ ಕೈಲಿ ಏನಿದೆ ಹೇಳಿ? ಕೂಗಲಾರೆ, ಹಿಡಿಯಲಾರೆ. ಇರುವುದು ಇಪ್ಪತ್ತೈದು ಬೊಟ್ಟು. ಮೂರನೇ ಹೆಜ್ಜೆಯಲ್ಲಿ ಅವಳ ಹಿಮ್ಮಡಿ ಹೊರಗೇ ಉಳಿದು ಬೆರಳುಗಳ ಭಾಗ ಮಾತ್ರ ನನ್ನ ಮೇಲೆ ಬಿತ್ತು. ಎಂಟೋ ಹತ್ತೋ ಬೊಟ್ಟು ಸಿಕ್ಕಿರಬೇಕು.

ನಿಂತಳು. ನಿಂತೇಬಿಟ್ಟಳು! ಅವಳು ಮುಂದೆ ಚಾಚಿದ್ದ ಕೋಲು ಅಂಚಿನಾಚೆ ಹಳಿಯ ಮೇಲೆ ಗಾಳಿಯಲ್ಲಿತ್ತು, ಅದರ ತುದಿಯಲ್ಲಿ ಹವಾಯಿ ಚಪ್ಪಲಿ ನೇತಾಡುತ್ತಿತ್ತು. ಅವಳು ಕೋಲನ್ನು ಹಿಂದಕ್ಕೆ ಎಳೆದುಕೊಂಡಳು. ರೈಲು ಬಂದು ನಿಂತಿತು. ತಾಯಿಯ ಕೈ ಮಗಳ ಬೆನ್ನಿಗೆ ಒಂದು ಗೇಣು ದೂರದಲ್ಲಿ ಹಾಗೇ ನಿಂತಿತ್ತು.

ಮಂದಾಕಿನಿ ಕೋಲಿನ ತುದಿಯನ್ನು ತಡವಿದಳು. ಚಪ್ಪಲಿ. ಬಾರು. ಸೇಫ್ಟಿ ಪಿನ್ನು.

"ಅಮ್ಮಾ" ಎಂದಳು, ತಿರುಗದೆ. "ಚಪ್ಪಲಿ ಹಾಕ್ಕೋ. ನೆಲ ತಣ್ಣಗಿದೆ, ಮಂಡಿ ಹಿಡ್ಕೊಳುತ್ತೆ."

ಜಯಶೀಲಮ್ಮ ನನ್ನ ಪಕ್ಕದಲ್ಲೇ ಕೂತಳು. "ನಿಂಗೆ... ಗೊತ್ತಿತ್ತಾ?"

"ಮೊದಲ್ನೇ ದಿನದಿಂದ. ಚಪ್ಪಲಿ ಬಿಟ್ಟೆ ಸರಿ, ಮಂಡಿ ಲಟಕ್ ಲಟಕ್ ಅನ್ನೋದನ್ನ ಎಲ್ಲಿ ಬಿಡ್ತೀಯ?" ಮಗಳು ಕೋಲಿನಿಂದ ಚಪ್ಪಲಿ ಬಿಡಿಸಿ ಹಿಂದಕ್ಕೆ ಚಾಚಿದಳು. "ಈಗ ಹೆಚ್ಚುಕಮ್ಮಿ ಆಯ್ತಲ್ಲ. ರಾಜೀನಾಮೆ ಕೊಡ್ಲಾ?"

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಕೈಗೆ ಬಂದ ಚಪ್ಪಲಿಯನ್ನು ನೋಡಿದಳು. ನನ್ನ ಮೇಲಿದ್ದ ಮಗಳ ಬೂಟನ್ನು ನೋಡಿದಳು.

"ಬೇಡ. ಬೀಳಿಸ್ತಿದ್ದೋಳು ನಾನು, ನಿಂತ್ಕೊಂಡೋಳು ನೀನು. ನಾನು ನಿನ್ನ ಮುಟ್ಲೇ ಇಲ್ಲ." ಒಂದು ಸಲ ಉಸಿರೆಳೆದುಕೊಂಡಳು. "ಹೋಗು, ಬಾಗಿಲು ಮುಚ್ಕೊಳುತ್ತೆ."

ಮಗಳು ಹೋದಳು. ರಾಯರು ಆ ತುದಿಯ ಸುತ್ತು ಮುಗಿಸಿ ಬಂದು "ಏನಾಯ್ತು?" ಎಂದರು. ಜಯಶೀಲಮ್ಮ ಎದ್ದು ನಿಂತು, "ಇದು ನಿಮ್ಮ ಸಕ್ಕರೆಗಲ್ಲ ಮೇಷ್ಟ್ರೇ. ಕಣ್ಣಿಲ್ದೋರಿಗೆ ದಾರಿ. ನಂಗೂ ಈಗಲೇ ಗೊತ್ತಾಗಿದ್ದು" ಎಂದಳು. ರಾಯರು ಸಾಲು ಚಪ್ಪಲಿಗಳನ್ನು ನೋಡಿದರು, ನನ್ನನ್ನು ನೋಡಿದರು. ಅವರ ಬರಿಗಾಲಿನ ಬೆರಳುಗಳು ಮುದುಡಿಕೊಂಡವು. "ಒಂದು ವರ್ಷದಿಂದ ತುಳೀತಿದ್ದೀನಿ, ಸಕ್ಕರೆ ಒಂದು ಚೂರೂ ಇಳೀಲಿಲ್ಲ. ಆಗಲೇ ಗೊತ್ತಾಗ್ಬೇಕಿತ್ತು ನಂಗೆ" ಎಂದು ಚಪ್ಪಲಿಗಳನ್ನೆಲ್ಲ ತಾವೇ ಬಾಚಿ ಗೋಡೆಯ ಬದಿಗೆ ಒಯ್ದರು.

ಅಂದಿನಿಂದ ರಾಯರು ಬರುವ ಹೊತ್ತು ಬದಲಾಗಲಿಲ್ಲ, ಕೆಲಸ ಬದಲಾಯಿತು. ಕಾಲಿಗೆ ಚಪ್ಪಲಿ ಹಾಕಿಕೊಂಡೇ ಹಾದಿಯ ಪಕ್ಕ ಕಾವಲು ನಿಲ್ಲುತ್ತಿದ್ದರು. "ಏನ್ರೀ, ಸೂಟ್‌ಕೇಸ್ ತೆಗೀರಿ! ಇದು ನಿಮ್ಮ ತಾತನ ಜಾಗಾನಾ?" ಪುಟ್ಟತಾಯಮ್ಮನ ಸೀಟಿಗಿಂತ ಮೇಷ್ಟ್ರ ಗದರಿಕೆಗೆ ಜನ ಹೆದರುತ್ತಿದ್ದರು. ಪಿನ್ನಿನ ಚಪ್ಪಲಿಯ ಚಟಪಟ ಮಾತ್ರ ಆಮೇಲೆ ಕೇಳಲಿಲ್ಲ. ಮೊದಲ ಕೆಲವು ದಿನ ಮಂದಾಕಿನಿ ನನ್ನ ಮೇಲೆ ನಿಂತು ಕಿವಿಗೊಡುತ್ತಿದ್ದಳು, ಲಟಕ್ ಸದ್ದಿಗೆ ಇರಬೇಕು. ಇಲ್ಲವೆಂದು ಖಾತ್ರಿಯಾದ ಮೇಲೆ ಅವಳ ಮುಖದಲ್ಲಿ ನಗು ಬಂತು, ಜೊತೆಗೆ ಒಂಚೂರು ಬೇಜಾರೂ ಇತ್ತು.

ಆರು ವರ್ಷ ಹೀಗೆ ನಡೆಯಿತು. ಕೋಟಿ ಕಾಲು ಬಿದ್ದರೆ ಕಲ್ಲಾದರೂ ಸವೆಯುತ್ತದೆ. ನನ್ನ ಬೊಟ್ಟುಗಳು ಒಂದೊಂದಾಗಿ ಕರಗಿದವು. ನೆಲ ಒರೆಸುವ ಯಂತ್ರ ಒಂದು ಮೂಲೆ ಒಡೆಯಿತು. ಒಂದು ದಿನ ಮಂದಾಕಿನಿ ನನ್ನ ಮೇಲೆ ಕಾಲಿಟ್ಟವಳು ಅರ್ಧ ಹೆಜ್ಜೆ ಮುಂದೆ ಹೋಗಿ ನಿಂತಳು. ಹಿಂದಕ್ಕೆ ಬಂದು ಬೂಟಿನಿಂದ ಸವರಿದಳು. ಪುಟ್ಟತಾಯಮ್ಮನನ್ನು ಕರೆದು, "ಇಲ್ಲೊಂದು ಟೈಲ್ಸು ಸವೆದಿದೆ. ಬದಲಾಯಿಸೋಕೆ ಬರೆದುಕೊಳ್ಳಿ" ಎಂದಳು.

ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು. ಯಾರನ್ನು ನಿಲ್ಲಿಸಿದೆನೋ ಅವಳೇ ನನ್ನ ಮೇಲೆ ದೂರು ಕೊಟ್ಟಳಲ್ಲ! ಒಂದು ವಾರ ಒಳಗೊಳಗೇ ಕುದ್ದೆ. ಆಮೇಲೆ ಒಬ್ಬ ಕಣ್ಣಿಲ್ಲದ ಮುದುಕ ಬಂದು, ನನ್ನ ಮೇಲೆ ಕಾಲಿಟ್ಟು, ಗೊತ್ತಾಗದೆ ಇನ್ನೊಂದು ಹೆಜ್ಜೆ ಇಟ್ಟ. ರಾಯರು ಹಾರಿ ಬಂದು ತೋಳು ಹಿಡಿದರು. ಅವಳು ಹೇಳಿದ್ದೇ ಸರಿಯಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಸುತ್ತ ಪಟ್ಟಿ ಕಟ್ಟಿ ನನ್ನನ್ನು ಎಬ್ಬಿಸಲು ಬಂದವನು ಗಿಡ್ಡಯ್ಯನೇ. ರಿಪೇರಿ ಗುತ್ತಿಗೆ ಅವನ ತಂಡಕ್ಕೇ ಸಿಕ್ಕಿತ್ತಂತೆ. ಮೀಸೆ ಪೂರಾ ಬೆಳ್ಳಗಾಗಿತ್ತು. ಉಳಿ ಹಾಕಿ ಮೀಟಿ ನನ್ನನ್ನು ಎತ್ತಿ, "ಸವೆದೋಗಿದೀಯಲ್ಲೋ" ಎಂದ. ಜಾಗಕ್ಕೆ ಹೊಸಬ ಬಂದು ಕೂತ, ಇಪ್ಪತ್ತೈದು ಬೊಟ್ಟೂ ನೆಟ್ಟಗೆ. ಗಿಡ್ಡಯ್ಯ ಅವನನ್ನೂ ಅಂಗೈಯಲ್ಲೇ ತೊಳೆದ. ಭಾನುವಾರದ ಪಾಳಿಗೆ ಹೊರಟಿದ್ದ ಮಂದಾಕಿನಿ ಪಟ್ಟಿಯಾಚೆ ನಿಂತಿದ್ದಳು.

"ಅಣ್ಣಾ, ಆ ಹಳೇದನ್ನ ಏನ್ಮಾಡ್ತೀರಾ?"

"ಏನ್ ಮಾಡಾದವ್ವಾ, ಗುಡ್ಡೆಗೆ ಎಸೆಯಾದು."

"ನಂಗೆ ಕೊಡ್ತೀರಾ? ನಮ್ಮಮ್ಮನ ಮಂಡಿನೋವಿಗೆ ಬೇಕು."

ಪಕ್ಕದಲ್ಲಿದ್ದ ರಾಯರು "ಅಯ್ಯೋ ರಾಮ!" ಎಂದು ತಲೆ ಚಚ್ಚಿಕೊಂಡರು. ಗಿಡ್ಡಯ್ಯ ಮೇಲಿನವರನ್ನು ಕೇಳಿ, ಗೋಣಿಚೀಲದ ತುಂಡಿನಲ್ಲಿ ಸುತ್ತಿ ಕೊಟ್ಟ. ಅಂದು ಮೊದಲ ಸಲ ನಾನು ಮೆಟ್ರೋ ಹತ್ತಿದೆ. ಇಷ್ಟು ವರ್ಷ ಬಾಗಿಲಲ್ಲೇ ಬಿದ್ದಿದ್ದರೂ ಒಳಗೆ ಹೇಗಿರುತ್ತದೆಂದು ನೋಡಿರಲಿಲ್ಲ. ಅವಳ ತೊಡೆಯ ಮೇಲೆ ಕೂತು ಹೋದೆ. ಒಳಗೆ ಎಲ್ಲರೂ ಫೋನು ನೋಡುತ್ತಿದ್ದರು, ಅಷ್ಟೇ.

ಈಗ ನಾನಿರುವುದು ಜಯಶೀಲಮ್ಮನ ಮನೆಯ ಬಾಗಿಲ ಮೆಟ್ಟಿಲ ಕೆಳಗೆ. ನನಗೆ ಉಳಿದಿರುವುದು ಹನ್ನೊಂದು ಬೊಟ್ಟು. ದಿನಾ ಸಂಜೆ ಆಕೆ ಸೊಪ್ಪು ಬಿಡಿಸುವ ಮೊರ ಹಿಡಿದು ಮೆಟ್ಟಿಲ ಮೇಲೆ ಕೂತು, ಬರಿಗಾಲನ್ನು ನನ್ನ ಮೇಲೆ ಊರುತ್ತಾಳೆ. ಮಂಡಿನೋವು ಕಮ್ಮಿಯಾಗಿದೆ ಎಂದು ಪಕ್ಕದ ಮನೆಯವರಿಗೆಲ್ಲ ಹೇಳುತ್ತಾಳೆ. ಕಮ್ಮಿಯಾಗಿಲ್ಲ, ಲಟಕ್ ಸದ್ದು ನನಗೆ ಕೇಳುತ್ತದೆ.

ಆರೂವರೆ ಆಗುತ್ತಿದ್ದಂತೆ ಆಕೆಯ ಕೈ ಸೊಪ್ಪಿನ ಮೇಲೆ ನಿಂತುಹೋಗುತ್ತದೆ. ಬೀದಿಯ ತಿರುವಿನಲ್ಲಿ ಅಗೆದ ಗುಂಡಿಯಿದೆ, ಬೈಕುಗಳು ಅಡ್ಡ ನಿಂತಿರುತ್ತವೆ. ತಿರುವಿನಾಚೆ ಬಿಳಿ ಕೋಲಿನ ಟಕ್ ಟಕ್ ಕೇಳಿದರೆ ಸಾಕು, ಮೊರ ಕೆಳಗಿಟ್ಟು ಏಳುತ್ತಾಳೆ. ಓಡಿಹೋಗಿ ಕೈ ಹಿಡಿದು ಕರೆತರಬೇಕೆಂದು ಇಡೀ ಮೈ ಮುಂದಕ್ಕೆ ಬಾಗುತ್ತದೆ. ಆಗ ಆಕೆಯ ಎರಡೂ ಪಾದಗಳ ಭಾರ ನನ್ನ ಹನ್ನೊಂದು ಬೊಟ್ಟಿನ ಮೇಲೆ ಬೀಳುತ್ತದೆ. ನಾನು ನನಗೆ ಗೊತ್ತಿರುವ ಒಂದೇ ಮಾತನ್ನು ಹೇಳುತ್ತೇನೆ.

ಜಯಶೀಲಮ್ಮ ನಿಲ್ಲುತ್ತಾಳೆ. ಮಗಳು ತಿರುವು ದಾಟಿ, ಗುಂಡಿ ಬಳಸಿ, ತಾನೇ ಬಂದು ಮೆಟ್ಟಿಲು ಮುಟ್ಟುವವರೆಗೂ ನಿಂತೇ ಇರುತ್ತಾಳೆ.